ಐದನೆಯ ಕಂತು

ಜನವರಿ 14

ಮಾವನವರಿಗೆ ನಮಸ್ಕಾರ.

ಫೋನಿನಲ್ಲಿ ಎಷ್ಟು ಕೂಗಿದರೂ ನಿಮಗೆ ಕೇಳಿಸದು, ಮೆಸೇಜು ಕಳಿಸಿದರೆ ಆ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯದು. ಅದಕ್ಕೇ ಕಾಗದ. ದೊಡ್ಡ ಅಕ್ಷರದಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಚಿನಕುರಳಿ ಬಗ್ಗಿ ನೋಡಿ, "ಅಮ್ಮಾ, ತಾತಂಗೆ ಒಂದನೇ ಕ್ಲಾಸಿನ ಕಾಪಿ ಬರೀತಿದೀಯಾ?" ಎಂದು ನಗುತ್ತಿದ್ದಾಳೆ.

ನೋಂದಣಿ ಕಚೇರಿಯಿಂದ ಪತ್ರ ಕೈಗೆ ಬಂತು. ಜನವರಿ ಎರಡರಿಂದ ಈ ಮನೆ ನನ್ನೊಬ್ಬಳ ಹೆಸರಿನಲ್ಲಿದೆ. ಒಂದೂವರೆ ವರ್ಷ ಕಾಣೆಯಾಗಿದ್ದ ನಿಮ್ಮ ಮಗನನ್ನು ಎಲ್ಲಿಂದಲೋ ಹುಡುಕಿ ತಂದು, ಅವರ ಪಾಲಿನ ಹಕ್ಕು ಬಿಡಿಸಿ ಸಹಿ ಹಾಕಿಸಿದವರು ನೀವು. ಸಹಿ ಹಾಕಿ, ಪೆನ್ನಿನ ಮುಚ್ಚಳವನ್ನೂ ಹಾಕದೆ, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರಲ್ಲ, ಆಮೇಲೆ ಏನಾದರೂ ಸುದ್ದಿ ಇದೆಯೇ? ಇಲ್ಲದಿದ್ದರೆ ಬೇಡ.

ಬ್ಯಾಂಕಿಗೆ ಹೋಗಿ ಬಂದೆ. ಬ್ಯಾಂಕಿನವರು, ನಿಮ್ಮ ಮಗ ವ್ಯಾಪಾರಕ್ಕೆಂದು ಆ ಫೈನಾನ್ಸ್ ಕಂಪನಿಯಲ್ಲಿ ಮಾಡಿದ ಸಾಲವನ್ನು ಪೂರ್ತಿ ತೀರಿಸಿ, ಕಡಿಮೆ ಬಡ್ಡಿಗೆ ನನಗೆ ಹೊಸ ಸಾಲ ಕೊಡುತ್ತಾರಂತೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮನೆಯನ್ನು ಜಾಮೀನಿಗೆ ಕೇಳುವುದಿಲ್ಲ. ನಮಗೋಸ್ಕರ ನೀವು ಅಡವಿಟ್ಟ ಮನೆಪತ್ರ ಕಂಪನಿಯ ಬೀರುವಿನಿಂದ ಸೀದಾ ನಿಮ್ಮ ಕೈಗೆ ಬರುತ್ತದೆ.

ಆದರೆ ಕಾಯಬೇಕು. ಸಾಲದ ವಿಭಾಗದ ಮೇಡಂ ಬೆರಳು ಮಡಿಸಿ ಹೇಳಿದರು: "ಹೆಸರು ಬದಲಾದ್ಮೇಲೆ ಹನ್ನೆರಡು ಕಂತು. ಹನ್ನೆರಡೂ ನಿಮ್ಮೊಬ್ರ ಖಾತೆಯಿಂದ್ಲೇ ಹೋಗ್ಬೇಕು, ಪ್ರತಿ ತಿಂಗಳು ಹತ್ತನೇ ತಾರೀಖಿನ ಒಳಗೆ. ಒಂದು ತಪ್ಪಿದ್ರೂ ಲೆಕ್ಕ ಮತ್ತೆ ಒಂದರಿಂದ."

"ಒಂದೇ ಒಂದು ದಿನ ತಡ ಆದ್ರೂ?"

"ಒಂದು ದಿನ ಆದ್ರೂ."

ಒಳ್ಳೆಯ ಹೆಂಗಸು, ಆದರೆ ಮುಖಕ್ಕೆ ಇಸ್ತ್ರಿ ಹಾಕಿದ ಹಾಗೆ ಒಂದು ಗೆರೆಯೂ ಅಲುಗುವುದಿಲ್ಲ. ಮೊದಲನೆಯ ಕಂತು ಕಟ್ಟಿದ್ದೇನೆ. ಡಿಸೆಂಬರಿಗೆ ಹನ್ನೆರಡು ಆಗುತ್ತದೆ. ಅಲ್ಲಿಯವರೆಗೆ ನಿಮ್ಮ ಮನೆ ನನ್ನ ತಲೆಯ ಮೇಲಿದೆ ಎಂದೇ ತಿಳಿದು ನಡೆಯುತ್ತೇನೆ.

ನಿಮ್ಮ ಸೊಸೆ

ಜನವರಿ 27

ಮಗಳೇ,

ನಿನ್ನ ಕಾಗದ ಬಂತು. ಕನ್ನಡಕ ಹುಡುಕುವ ಕೆಲಸ ತಪ್ಪಿತು. ಚಿನಕುರಳಿಗೆ ಹೇಳು, ತಾತನಿಗೆ ಒಂದನೇ ಕ್ಲಾಸಿನ ಕಾಪಿಯೇ ಸರಿ. ತಾತ ಎರಡನೇ ಕ್ಲಾಸಿಗೆ ಹೋದದ್ದೇ ಮೇಷ್ಟರ ಕರುಣೆಯಿಂದ.

ಹನ್ನೆರಡು ತಿಂಗಳಿಗೆ ಹೆದರಬೇಡ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಬೆಂಕಿ ಹಾಕಿದ ತಕ್ಷಣ ಆವಿ ಕೊಡು ಎಂದರೆ ಅದು ಕೊಡುವುದಿಲ್ಲ. ಹೊಸದಾಗಿ ಬಂದ ಮೇಲ್ವಿಚಾರಕರೆಲ್ಲ ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟೊತ್ತಯ್ಯಾ?" ಎಂದು ಕೂಗುತ್ತಿದ್ದರು. ನನ್ನ ಕಿವಿ ಹೋದದ್ದು ಬಾಯ್ಲರಿನ ಸದ್ದಿಗೋ ಅವರ ಕೂಗಿಗೋ ಇನ್ನೂ ತೀರ್ಮಾನವಾಗಿಲ್ಲ.

ನನ್ನ ಮನೆಗಾಗಿ ಕೊರಗಬೇಡ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ತಗಡಿನ ಶೆಡ್ಡು. ಕಾಲು ಬಂದು ಓಡಿಹೋಗುತ್ತದೆಯೇ?

ಅವನ ಸುದ್ದಿ ಇಲ್ಲ. ಸಹಿ ಹಾಕಿದ ದಿನ ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದೆ. ಯಾವ ಬಸ್ಸು ಹತ್ತಿದ ಎಂದು ನೋಡಬಾರದೆಂದೇ ಬೆನ್ನು ತಿರುಗಿಸಿದೆ.

ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಗಟ್ಟಿಯಾಗಿದೆ. ಪಕ್ಕದ ಮನೆಯ ಮುದುಕ ಎರವಲು ಕೇಳುತ್ತಿದ್ದಾನೆ.

ಮಾವ

ಏಪ್ರಿಲ್ 16

ಮಾವನವರಿಗೆ ನಮಸ್ಕಾರ.

ನಾಲ್ಕು ಕಂತು ಆಯಿತು. ಈ ತಿಂಗಳಿನಿಂದ ಕಂಪನಿಯವರು ಬಡ್ಡಿ ಏರಿಸಿದ್ದಾರೆ. ಮೊದಲು ಹಲ್ಲು ಕಚ್ಚಿ ಕಟ್ಟುತ್ತಿದ್ದೆ, ಈಗ ಕಚ್ಚಲು ಹಲ್ಲನ್ನೇ ಹೆಚ್ಚು ಮಾಡಬೇಕಾಗಿದೆ. ಹಲ್ಲಿನ ಸೆಟ್ಟು ಮಾಡುವ ನಮ್ಮ ಲ್ಯಾಬಿನ ಮಾಲೀಕರನ್ನು ಕೇಳಿ, ಮೇಣದ ಪಟ್ಟಿಗೆ ಹಲ್ಲು ಜೋಡಿಸುವ ಕೆಲಸವನ್ನು ಮನೆಗೂ ತರುತ್ತಿದ್ದೇನೆ. ಶಾಲೆಯಿಂದ ಬಂದ ಚಿನಕುರಳಿ ನನ್ನ ಎದುರು ಕೂತು ಮುಂದಿನ ಹಲ್ಲು, ಪಕ್ಕದ ಹಲ್ಲು, ಅರೆಯುವ ಹಲ್ಲು ಎಂದು ಬೇರೆ ಬೇರೆ ತಟ್ಟೆಗೆ ಹಾಕುತ್ತಾಳೆ. ನಿನ್ನೆ ಅವಳದೇ ಒಂದು ಹಾಲುಹಲ್ಲು ಉದುರಿತು. ಅದನ್ನೂ ತಂದು ತಟ್ಟೆಗೆ ಹಾಕಿ, "ಇದಕ್ಕೆಷ್ಟು ಕೊಡ್ತೀಯ?" ಎಂದಳು.

ನಿಮಗೆ ಆ ಕಡೆ ಖರ್ಚಿಗೆ ಏನಾದರೂ ಬೇಕೇ? ಕೇಳಲು ಸಂಕೋಚ ಬೇಡ. ಕೊಡಲು ಇರುತ್ತದೋ ಇಲ್ಲವೋ ಎಂಬುದು ಬೇರೆ ಮಾತು.

ನಿಮ್ಮ ಸೊಸೆ

ಮೇ 4

ಮಗಳೇ,

ಚೆನ್ನಾಗಿದ್ದೇನೆ. ಏನೂ ಬೇಡ. ಎಣ್ಣೆ, ಸಕ್ಕರೆ ಈಗೀಗ ಬೇಗ ಮುಗಿಯುತ್ತಿವೆ. ಅಂಗಡಿಯವನು ತೂಕದಲ್ಲಿ ಕೈ ಮಾಡುತ್ತಿರಬೇಕು.

ಒಂದು ಮಾತು ಕೇಳಬೇಕಿತ್ತು. ಹನ್ನೆರಡು ಕಂತು ಮುಗಿದ ಮೇಲೆ ನನ್ನ ಮನೆಪತ್ರ ಅಂಚೆಯಲ್ಲಿ ಬರುತ್ತದೆಯೋ, ನಾನೇ ಹೋಗಿ ಸಹಿ ಹಾಕಿ ತರಬೇಕೋ? ನಾನಲ್ಲದೆ ಬೇರೆಯವರು ಹೋದರೆ ಕೊಡುತ್ತಾರೆಯೇ? ಸುಮ್ಮನೆ ಕೇಳಿದೆ. ಅವಸರವಿಲ್ಲ.

ಮಗುವಿನ ಹಾಲುಹಲ್ಲಿಗೆ ಒಳ್ಳೆಯ ಬೆಲೆ ಕೊಡು.

ಮಾವ

ಮೇ 29

ಮಾವನವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಚಿನಕುರಳಿಗೆ ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಈಗ ಏಳುತ್ತಾಳೆ, ಓಡುತ್ತಾಳೆ, ಎದುರು ಮಾತಾಡುತ್ತಾಳೆ. ಎದುರು ಮಾತಾಡಿದ ದಿನವೇ ನನಗೆ ಜೀವ ಬಂದದ್ದು.

ಪತ್ರವನ್ನು ಕಂಪನಿಯ ನಿಮ್ಮೂರಿನ ಶಾಖೆಯಲ್ಲಿ ನೀವೇ ಹೋಗಿ, ಬೆರಳಚ್ಚು ಕೊಟ್ಟು ತೆಗೆದುಕೊಳ್ಳಬೇಕು. ಬೇರೆ ಯಾರಿಗೂ ಕೊಡುವುದಿಲ್ಲ. ನಿಮಗೆ ಪತ್ರದ ಚಿಂತೆ ಹತ್ತಿದೆ ಎಂದು ಗೊತ್ತಾಯಿತು. ನನ್ನಿಂದ ತೊಂದರೆ ಆಗದ ಹಾಗೆ ನೋಡಿಕೊಳ್ಳುತ್ತೇನೆ.

ಐದನೆಯ ಕಂತೂ ಆಯಿತು.

ನಿಮ್ಮ ಸೊಸೆ

ಆಗಸ್ಟ್ 10

ಮಗಳೇ,

ಎರಡು ತಿಂಗಳಿನಿಂದ ಬರೆಯಬೇಕು ಎಂದು ಕೂತು ಏಳುತ್ತಿದ್ದೇನೆ.

ಇದನ್ನು ಹೇಗೆ ಕೇಳುವುದೋ ತಿಳಿಯದು. ನೀನು ಕಷ್ಟಪಟ್ಟು ತಾರೀಖು ಹಿಡಿದು ಕಟ್ಟುತ್ತಿದ್ದೀಯ. ಆದರೂ ಒಂದು ಕಂತು ಒಂದೆರಡು ದಿನ ಹಿಂದೆಮುಂದೆ ಆದರೆ ಪ್ರಳಯವೇನೂ ಆಗದಲ್ಲ? ಲೆಕ್ಕ ಮತ್ತೆ ಒಂದರಿಂದ ಶುರುವಾದರೆ ಆಗಲಿ. ಇನ್ನೊಂದು ವರ್ಷ ನನ್ನ ಪತ್ರ ಅಲ್ಲೇ ಇದ್ದರೆ ನನಗೇನೂ ಬೇಸರವಿಲ್ಲ. ಹಾಗಾಗಲಿ ಎಂದೇ ನಾನು ಹೇಳುತ್ತಿದ್ದೇನೆ ಎಂದು ತಿಳಿದುಕೋ.

ಯಾಕೆ ಎಂದು ಕೇಳಬೇಡ.

ಮಾವ

ಆಗಸ್ಟ್ 17

ಮಾವನವರಿಗೆ,

ಯಾರು ನಿಮಗೆ ಏನು ಹೇಳಿದರು?

ಕಂಪನಿಯವರು ಕಾಗದ ಕಳಿಸಿದರೇ? ಕಳಿಸಿದ್ದರೆ ನೇರವಾಗಿ ಕೇಳಬಹುದಿತ್ತು. "ಒಂದು ಕಂತು ಹಿಂದೆಮುಂದೆ ಆದರೆ ಪ್ರಳಯವೇ" ಎಂದು ಚುಚ್ಚುವ ಅಗತ್ಯವಿರಲಿಲ್ಲ. ಗಾಯದ ಮೇಲೆ ಬರೆ ಎಳೆಯುವುದು ನಿಮ್ಮ ಸ್ವಭಾವ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ.

ಇಲ್ಲ, ನಿಮ್ಮ ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳಬೇಕೆಂದರೆ, ಇನ್ನೂ ವಿಚಿತ್ರ. ಏರಿದ ಬಡ್ಡಿಯನ್ನು ಇನ್ನೊಂದು ವರ್ಷ ನಾನು ಕಟ್ಟಬೇಕೇ? ಬೆಳಿಗ್ಗೆ ಒಂಬತ್ತರಿಂದ ಲ್ಯಾಬಿನಲ್ಲಿ ಪ್ಲಾಸ್ಟರಿನ ಧೂಳು, ಮನೆಗೆ ಬಂದರೆ ಮೇಣದ ವಾಸನೆ. ನನ್ನ ಹೆಬ್ಬೆರಳಿನ ಚರ್ಮ ಎಷ್ಟು ಸವೆದಿದೆಯೆಂದರೆ ಬ್ಯಾಂಕಿನ ಯಂತ್ರ ನನ್ನ ಬೆರಳಚ್ಚನ್ನೇ ಒಪ್ಪುವುದಿಲ್ಲ. ಅಷ್ಟಾದರೂ ಪ್ರತಿ ತಿಂಗಳು ಹತ್ತನೆಯ ತಾರೀಖು ನಿಮ್ಮ ಮನೆಯ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಬಿಡಿಸಿಕೊಡಬೇಕು ಎಂಬ ಒಂದೇ ಹಟಕ್ಕೆ ಬದುಕಿದ್ದೇನೆ. ಅದು ನಿಮಗೆ ಬೇಡವೆಂದರೆ ಇಷ್ಟು ದಿನ ಯಾರಿಗಾಗಿ ಕಟ್ಟಿದೆ?

ಕೊನೆಗೂ ಕರುಳು ಕರುಳೇ, ಸೊಸೆ ಹೊರಗಿನವಳೇ ಎಂದು ತಿಳಿದುಕೊಳ್ಳಲೇ?

ಚಿನಕುರಳಿ ತಾತನಿಗೆ ಚಿತ್ರ ಬರೆದಿದ್ದಾಳೆ. ಅವಳಿಗಂತೂ ನಿಮ್ಮ ಮೇಲೆ ಸಿಟ್ಟಿಲ್ಲ. ಇದರಲ್ಲೇ ಇಟ್ಟಿದ್ದೇನೆ.

ಸೊಸೆ

ಸೆಪ್ಟೆಂಬರ್ 2

ಮಗಳೇ,

ಯಾರೂ ಏನೂ ಹೇಳಿಲ್ಲ. ಚುಚ್ಚಲೂ ಇಲ್ಲ. ಆ ಕಾಗದವನ್ನು ಹರಿದು ಹಾಕು. ಚಿತ್ರ ಗೋಡೆಗೆ ಅಂಟಿಸಿದ್ದೇನೆ. ನನ್ನ ಕಿವಿಯನ್ನು ಬಹಳ ದೊಡ್ಡದಾಗಿ ಬರೆದಿದ್ದಾಳೆ. ಕೇಳಿಸಲಿ ಎಂದು ಇರಬೇಕು.

ಮಾವ

ಅಕ್ಟೋಬರ್ 22

ಮಾವನವರಿಗೆ,

ನಿನ್ನೆ ಸಾಲದ ಮೇಡಂ ನನ್ನನ್ನು ಬ್ಯಾಂಕಿಗೆ ಕರೆದಿದ್ದರು. ಅರ್ಜಿಯನ್ನು ಈಗಲೇ ತುಂಬಿಸಿಡುತ್ತಾರಂತೆ. ಜಾಮೀನು ಕೊಟ್ಟವರ ವಿವರ ಬೇಕೆಂದು ನಿಮ್ಮ ನಂಬರು ನಾನೇ ಕೊಟ್ಟಿದ್ದೆ. ಎತ್ತುವುದಿಲ್ಲ, ಕಾಗದ ಬರೆಯಿರಿ ಎಂದು ಹೇಳಲು ಮರೆತಿದ್ದೆ.

ಮೇಡಂ ಹೇಳಿದರು, "ನಿಮ್ಮ ಮಾವನವರ ಹತ್ರ ಮಾತಾಡಿದೆ. ಎಷ್ಟು ಮೆತ್ತಗೆ ಮಾತಾಡ್ತಾರೆ! ಹತ್ತು ನಿಮಿಷ ಮಾತಾಡಿದ್ವಿ."

"ಯಾರ ಹತ್ರ?" ಎಂದೆ.

"ಮನೆ ಮಾಲೀಕರ ಹತ್ರ. ನಾನೇ ಮಾಲೀಕ ಅಂದ್ರು. ಪತ್ರ ಯಾವತ್ತು ಬಿಡುಗಡೆ ಆಗುತ್ತೆ, ಅದಕ್ಕಿಂತ ಬೇಗ ಆಗಲ್ವಾ ಅಂತ ಎರಡು ಮೂರು ಸಲ ಕೇಳಿದ್ರು. ವಯಸ್ಸಾದವರಿಗೆ ಆತಂಕ ಇರುತ್ತೆ ಬಿಡಿ."

ಹಿಂದಿನ ಸಾಲಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಮಾವ, ನಿಮ್ಮ ಮನೆಯಲ್ಲಿ ಫೋನು ಎತ್ತಿದ್ದು ಯಾರು?

ನವೆಂಬರ್ 6

ಮಗಳೇ,

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ. ನಾನು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ನಿನಗೆ ಇಲ್ಲ ಎಂದೆ. ಅವನು ಇಲ್ಲಿದ್ದಾನೆ. ಏಪ್ರಿಲ್ ಕೊನೆಯ ವಾರ ಬಂದ. ಕೈಯಲ್ಲಿ ಒಂದು ಚೀಲ, ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ. ನಾನು ಬಾಗಿಲು ತೆಗೆದೆ. ತೆಗೆಯಬಾರದಿತ್ತು ಅನ್ನುತ್ತೀಯೇನೋ. ಹೆತ್ತವರಿಗೆ ಹೆಗ್ಗಣ ಮುದ್ದು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಮೊದಲು ನಾಚಿಕೆ. ಆಮೇಲೆ ಭಯ.

ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ನೀರು ತುಂಬಿಸುತ್ತಾನೆ. ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾನೆ. ಉಗುರು ಕತ್ತರಿಸುತ್ತಾನೆ. ನನ್ನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡುತ್ತಾನೆ. ಮೂರನೆಯ ದಿನ ಹಾಗೆಯೇ ನಿಧಾನವಾಗಿ ಹೇಳಿದ: "ಅಪ್ಪಾ, ಈ ಮನೆ ಮಾರೋಣ. ತಗೊಳ್ಳೋರು ಇದಾರೆ. ನಾನು ಮತ್ತೆ ವ್ಯಾಪಾರ ಶುರು ಮಾಡ್ತೀನಿ, ನೀನು ನನ್ನ ಜೊತೇಲೇ ಇರು." ಮತ್ತೆ ಅದೇ ಹಳೆಯ ಮೆಷಿನ್ನು ಕೊಂಡು ಮಾರುವ ವ್ಯಾಪಾರ. ನಿಮ್ಮನ್ನು ಮುಳುಗಿಸಿತಲ್ಲ, ಅದೇ.

"ಪತ್ರ ಅಡ ಇದೆಯಲ್ಲಪ್ಪ" ಎಂದೆ. "ಬಿಡಿಸಿಕೊಂಡ ಮೇಲೆ" ಎಂದ. ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನ ಕಂತುಗಳನ್ನು ಅವನು ಎಣಿಸುತ್ತಿದ್ದಾನೆ. ನೀನು ಒಂದೊಂದು ಕಂತು ಕಟ್ಟಿದೆ ಎಂದು ಬರೆದಾಗಲೂ ಇನ್ನೆಷ್ಟು ಉಳಿಯಿತು ಎಂದು ನಾನೂ ಎಣಿಸುತ್ತಿದ್ದೆ.

ಒಂದೇ ಮಾತು, 'ಇಲ್ಲ' ಅಂದರೆ ಮುಗಿಯಿತಲ್ಲ ಎಂದು ಕೇಳುತ್ತೀಯ. ಮಗಳೇ, ಆ ಮಾತನ್ನು ಒಂದು ಸಲ ಹೇಳಿದ್ದೇನೆ. ಅವನು ಮೊದಲು ವ್ಯಾಪಾರಕ್ಕೆ ನನ್ನ ಹತ್ತಿರವೇ ಹಣ ಕೇಳಿದ್ದು. ನಿವೃತ್ತಿಗೆಂದು ನಾನು ಕೂಡಿಟ್ಟ ಹಣ ಆಗ ಹಾಗೇ ಇತ್ತು. ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು, ನನ್ನ ಜೊತೆ ಕೆಲಸ ಮಾಡುವವರ ಎದುರಿಗೆ, "ನಿನಗೆ ಕೊಡೋದೂ ಒಂದೇ ಒಲೆಗೆ ಹಾಕೋದೂ ಒಂದೇ" ಎಂದೆ. ಅವರು ನಕ್ಕರು. ಅವನು ಅಲ್ಲಿಂದ ನೇರ ಹೋದದ್ದು ಆ ಕಂಪನಿಯ ಬಾಗಿಲಿಗೆ, ನಿಮ್ಮ ಮನೆ ಅಡವಿಟ್ಟು ಆ ಬಡ್ಡಿಗೆ ಸಾಲ ತರಲು. ಆಮೇಲೆ ನಾನೂ ನನ್ನ ಮನೆ ಸೇರಿಸಿದೆನಲ್ಲ, ಅದು ಧಾರಾಳತನವಲ್ಲ, ಆ ನಗುವಿಗೆ ಕಟ್ಟಿದ ದಂಡ. ಇನ್ನೊಂದು ಸಲ 'ಇಲ್ಲ' ಎನ್ನಲು ನನ್ನ ಬಾಯಿ ಬರುವುದಿಲ್ಲ. ನನ್ನ ಪರವಾಗಿ ಬ್ಯಾಂಕಿನ ನಿಯಮವೇ 'ಇಲ್ಲ' ಎನ್ನುತ್ತಿತ್ತು. ಅದು ಇನ್ನೊಂದು ವರ್ಷ ಎನ್ನಲಿ ಎಂದು ನಿನಗೆ ಹಾಗೆ ಬರೆದೆ. ನಿನ್ನ ಹೆಬ್ಬೆರಳಿನ ಬಗ್ಗೆ ಆಗ ನನಗೆ ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಬ್ಯಾಂಕಿನ ಮೇಡಂ ಅವನಿಗೆ ತಾರೀಖನ್ನೂ ಹೇಳಿದರು. ಅವನು ಫೋನು ಇಟ್ಟು ನನ್ನ ಮುಂದೆ ಬಂದು, "ಡಿಸೆಂಬರ್ ಅಲ್ಲ, ಬರೋ ಮೇ. ಐದನೇ ಕಂತು ಮೂರು ದಿನ ತಡ ಆಗಿ ಲೆಕ್ಕ ಮತ್ತೆ ಶುರು ಆಗಿದೆ. ನಿನ್ನ ಸೊಸೆ ನಿನಗೆ ಸುಳ್ಳು ಹೇಳಿದಾಳೆ" ಎಂದ.

ನನಗೆ ಸಂತೋಷವಾಯಿತು. ಹೇಳಿಬಿಡುತ್ತೇನೆ. ಮಗು ಆಸ್ಪತ್ರೆಯಲ್ಲಿದ್ದಾಗ ನೀನು ಒಬ್ಬಳೇ ಏನು ಪಾಡುಪಟ್ಟಿರಬೇಕು ಎಂಬುದು ಹೊಳೆದದ್ದು ಆಮೇಲೆ. ಮೊದಲು ಹೊಳೆದದ್ದು, ಇನ್ನೂ ಐದು ತಿಂಗಳು ಸಿಕ್ಕಿತು ಎಂದು. ಸೊಸೆಯ ಕಷ್ಟ ಕೇಳಿ ಸಂತೋಷಪಟ್ಟ ಮಾವ ನಾನೊಬ್ಬನೇ ಇರಬೇಕು.

ಮಾವ

ನವೆಂಬರ್ 19

ಮಾವ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಕಾಯಿಸಿಟ್ಟ ಮೇಣ ಗಟ್ಟಿಯಾಗಿತ್ತು.

ಮೊದಲು ನನ್ನ ತಪ್ಪು. ಮೇ ಒಂಬತ್ತಕ್ಕೆ ಮಾಲೀಕರಿಂದ ಮುಂಗಡ ತೆಗೆದುಕೊಂಡು ಕಂತಿಗೆಂದು ಚೀಲದಲ್ಲಿಟ್ಟಿದ್ದೆ. ಅವತ್ತು ಸಂಜೆ ಮಗು ಕಣ್ಣು ಮೇಲೆ ಮಾಡಿದಳು. ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದಷ್ಟನ್ನೂ ಎಣಿಸದೆ ಕೊಟ್ಟೆ. ಹತ್ತನೆಯ ತಾರೀಖು ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ನಂಬಿ. ಅವಳ ಕೈಗೆ ಹಾಕಿದ ಸೂಜಿಯೊಂದೇ ನೆನಪಿದ್ದದ್ದು. ಕಟ್ಟಿದ್ದು ಹದಿಮೂರಕ್ಕೆ. ಸಾಲದ ಮೇಡಂ ಮುಂದೆ ಆಸ್ಪತ್ರೆಯ ಚೀಟಿ ಹಿಡಿದು ನಿಂತೆ. ಅವರು ಚೀಟಿಯನ್ನು ಪೂರ್ತಿ ಓದಿದರು. "ನನ್ ಮಗಳಿಗೂ ಹಿಂಗೇ ಆಗಿತ್ತು" ಎಂದರು. ಆಮೇಲೆ, "ಲೆಕ್ಕ ಮಾತ್ರ ಜೂನ್‌ನಿಂದ" ಎಂದರು. ನಿಮಗೆ ಹೇಳಲು ಮುಖವಿರಲಿಲ್ಲ. ಆಗಸ್ಟಿನಲ್ಲಿ ನಿಮ್ಮ ಕಾಗದ ಬಂದಾಗ ನಿಮಗೆ ಎಲ್ಲ ಗೊತ್ತಾಗಿ ಅಣಕಿಸುತ್ತಿದ್ದೀರಿ ಎಂದುಕೊಂಡೆ. ಕರುಳು ಕರುಳೇ ಎಂದೆಲ್ಲ ಬರೆದೆ. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಈಗ ನಿಮ್ಮ ವಿಷಯ.

ನನಗೆ ಸಿಟ್ಟು ಬಂದಿದೆ. ಅವರು ಅಲ್ಲಿರುವುದಕ್ಕಲ್ಲ. ಮಗ ಬಂದರೆ ಅಪ್ಪ ಬಾಗಿಲು ತೆಗೆಯುತ್ತಾನೆ, ನಾನಾಗಿದ್ದರೂ ಅಷ್ಟೇ. ಆದರೆ ನನ್ನ ಕಂತು ನಿಮ್ಮ ಮನೆಯ ಚಿಲಕವಲ್ಲ, ಮಾವ. ನಾನು ತಿಂಗಳು ತಿಂಗಳು ಬೆರಳು ಸವೆಸುತ್ತಿರುವುದು ನೀವು 'ಇಲ್ಲ' ಎನ್ನದೆ ಇರಲು ಅಲ್ಲ. ಹೊಸ ಲೆಕ್ಕದಲ್ಲಿ ಆರು ಆಗಿದೆ. ಉಳಿದ ಆರನ್ನೂ ತಾರೀಖಿನೊಳಗೆ ಕಟ್ಟುತ್ತೇನೆ. ಒಂದು ಗಂಟೆಯನ್ನೂ ತಪ್ಪಿಸುವುದಿಲ್ಲ. ಮೇ ತಿಂಗಳಲ್ಲಿ ಪತ್ರ ನಿಮ್ಮ ಕೈಗೆ ಬಂದೇ ಬರುತ್ತದೆ. ಅಷ್ಟರಲ್ಲಿ ನೀವು ಏನು ಹೇಳಬೇಕೋ ಅದನ್ನು ಹುಡುಕಿಕೊಳ್ಳಿ.

ಮನೆ ಮಾರಬೇಕು ಅನ್ನಿಸಿದರೆ ಮಾರಿ. ಅದು ನಿಮ್ಮದು. ನನ್ನ ಅಥವಾ ಮಗುವಿನ ಮುಖ ನೋಡಿ ಉಳಿಸುವುದೂ ಬೇಡ. ಆದರೆ ಹೆದರಿ ಮಾರಬೇಡಿ.

ಅವತ್ತು ಬಾಯ್ಲರ್ ಮನೆಯ ಬಾಗಿಲಲ್ಲಿ ನೀವು ಆಡಿದ ಮಾತು ಅವರು ನನಗೆ ಹೇಳಿದ್ದರು. ಅವರಿಗೆ ನೋವಾದದ್ದು ನೀವು ಹಣ ಕೊಡಲಿಲ್ಲ ಎಂದಲ್ಲ. ಇಷ್ಟನ್ನು ನೀವು ತಿಳಿದಿರಬೇಕು ಎನ್ನಿಸಿತು.

ಸೊಸೆ

ಡಿಸೆಂಬರ್ 3

ಮಗಳೇ,

ಆಗಲಿ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಹೆಬ್ಬೆರಳಿಗೆ ಎಣ್ಣೆ ಹಚ್ಚು.

ಮಾವ

ಮಾರ್ಚ್ 11

ಮಾವ,

ಹತ್ತು.

ಸೊಸೆ

ಮಾರ್ಚ್ 20

ಮಗಳೇ,

ಅವನೂ ಕ್ಯಾಲೆಂಡರಿನಲ್ಲಿ ಗೆರೆ ಎಳೆದ. ನಾನು ಇನ್ನೂ ಏನೂ ಹೇಳಿಲ್ಲ. ಮುಖ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ತುಟಿ ಆಡಿಸಿ ನೋಡುತ್ತೇನೆ. ನನ್ನ ದನಿ ಎಷ್ಟು ಜೋರಿರುತ್ತದೋ ನನಗೇ ತಿಳಿಯದು. ಮೆತ್ತಗೆ ಹೇಳಬೇಕಾದ ಮಾತು ಕೂಗಿದ ಹಾಗೆ ಕೇಳಿಸಿಬಿಟ್ಟರೆ ಎಂದು ಹೆದರಿಕೆ.

ಮಾವ

ಜೂನ್ 24

ಮಗಳೇ,

ಪತ್ರ ಬಂತು. ಹೋದ ಮಂಗಳವಾರ ಕಂಪನಿಯ ಶಾಖೆಗೆ ನಾನೊಬ್ಬನೇ ಹೋದೆ. ಅವನು ಜೊತೆಗೆ ಬರುತ್ತೇನೆ ಎಂದ, ಬೇಡ ಎಂದೆ. ಅಲ್ಲಿನ ಹುಡುಗಿ ಬೆರಳಚ್ಚು ತೆಗೆದುಕೊಂಡು, ಹಸಿರು ದಾರ ಕಟ್ಟಿದ ಕಡತವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. ಏನೋ ಹೇಳಿದಳು. ಅಭಿನಂದನೆ ಎಂದಿರಬೇಕು, ನಗುತ್ತಿದ್ದಳು.

ಮನೆಗೆ ಬಂದಾಗ ಅವನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಕಡತವನ್ನು ಅವನ ಮುಂದೆಯೇ ಇಟ್ಟೆ. ಬಚ್ಚಿಡಲಿಲ್ಲ. ಹೇಳಿದೆ: "ಮನೆ ಮಾರಲ್ಲ ಕಣೋ. ನಾನಿರೋವರೆಗೂ ನಿನಗೆ ಇಲ್ಲಿ ಊಟ ಇದೆ, ಹಾಸಿಗೆ ಇದೆ. ಪತ್ರ ಕೊಡಲ್ಲ. ಅವತ್ತು ಬಾಯ್ಲರ್ ಮನೇಲಿ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ನಲ್ಲ, ಅದು ತಪ್ಪು. ಆ ತಪ್ಪಿಗೂ ಇದಕ್ಕೂ ಸಂಬಂಧ ಇಲ್ಲ."

ಎಷ್ಟು ಜೋರಾಗಿ ಹೇಳಿದೆನೋ ತಿಳಿಯದು. ಪಕ್ಕದ ಮನೆಯ ಮುದುಕ ಕಿಟಕಿಗೆ ಬಂದದ್ದು ಕಂಡಿತು.

ಅವನು ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ಕಡತವನ್ನು ಮುಟ್ಟಲೂ ಇಲ್ಲ. ಕಣ್ಣು ಒರೆಸಿಕೊಂಡ, ಈರುಳ್ಳಿಗೋ ಏನೋ. ಉಳಿದರ್ಧ ಈರುಳ್ಳಿಯನ್ನೂ ಹೆಚ್ಚಿ ಮುಗಿಸಿದ. ಇಬ್ಬರೂ ಊಟ ಮಾಡಿದೆವು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹೋಗಿದ್ದ. ನೀರಿನ ಡ್ರಮ್ಮು ಎರಡೂ ತುಂಬಿದ್ದವು. ನನ್ನ ಮೂರು ಅಂಗಿಗೆ ಇಸ್ತ್ರಿ ಹಾಕಿ, ಮಡಿಸಿ, ಕುರ್ಚಿಯ ಮೇಲೆ ಇಟ್ಟಿದ್ದ.

ಜಗಳ ಮಾಡಿಕೊಂಡು ಹೋಗಿದ್ದರೆ ನಾನೂ ಬಾಗಿಲು ಹಾಕಿಕೊಂಡು ಇದ್ದುಬಿಡುತ್ತಿದ್ದೆ.

ಬಸ್ ನಿಲ್ದಾಣಕ್ಕೆ ಹೋಗಿ ನೋಡಿದೆ. ಯಾರನ್ನು ಕೇಳಲಿ, ಕೇಳಿದರೂ ಉತ್ತರ ಕೇಳಿಸದು. ಸರಿಯಾದದ್ದನ್ನೇ ಮಾಡಿದೆ ಎಂದು ಗೊತ್ತಿದೆ. ಅದರಿಂದ ಏನೂ ಸಮಾಧಾನವಿಲ್ಲ. ಒಬ್ಬನಿಗೆ ಒಲೆ ಹಚ್ಚುವುದು ದಂಡ ಎನ್ನಿಸುತ್ತದೆ, ಬ್ರೆಡ್ಡು ಚಹಾದಲ್ಲಿ ದಿನ ಹೋಗುತ್ತಿದೆ.

ನಿನ್ನ ಹೊಸ ಸಾಲ ಮಂಜೂರಾದದ್ದಕ್ಕೆ ಸಂತೋಷ. ಇನ್ನು ಮೇಲೆ ಮೇಣದ ಕೆಲಸವನ್ನು ಮನೆಗೆ ತರಬೇಡ.

ಮಾವ

ಜುಲೈ 8

ಮಾವ,

ಇದನ್ನು ಒಂದು ದಿನವೂ ಇಟ್ಟುಕೊಳ್ಳದೆ ಬರೆಯುತ್ತಿದ್ದೇನೆ. ನಾವಿಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು ಸಾಕು.

ಅವರು ನಿನ್ನೆ ಇಲ್ಲಿಗೆ ಬಂದಿದ್ದರು.

ಭಾನುವಾರ, ಹನ್ನೊಂದು ಗಂಟೆ ಇರಬಹುದು. ನಾನು ಬಟ್ಟೆ ಒಣಗಿಸುತ್ತಿದ್ದೆ. ಗೇಟಿನ ಆಚೆ, ಎದುರು ಮನೆಯ ಗೋಡೆಗೆ ಒರಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಬಹಳ ಇಳಿದುಹೋಗಿದ್ದಾರೆ. ನಾನು ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತೆ. ಬನ್ನಿ ಎನ್ನಲೂ ಆಗಲಿಲ್ಲ, ಹೋಗಿ ಎನ್ನಲೂ ಆಗಲಿಲ್ಲ. ಚಿನಕುರಳಿ ಒಳಗಿನಿಂದ ನೋಡಿದಳು. ಓಡಲಿಲ್ಲ, ಅಪ್ಪಾ ಎನ್ನಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯನ್ನು ಎಳೆದುಕೊಂಡು ಬಂದು, ಗೇಟಿನ ಒಳಗಡೆ, ನೆರಳಿನಲ್ಲಿ ಇಟ್ಟಳು. "ಕೂತ್ಕೋ" ಎಂದಳು. ಅಷ್ಟೆ.

ಅವರು ಕೂತರು. ನಾನು ನೀರು ಕೊಟ್ಟೆ. ಮನೆಯೊಳಗೆ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಹಣದ ಮಾತೂ ಇಲ್ಲ, ವ್ಯಾಪಾರದ ಮಾತೂ ಇಲ್ಲ. ಇಲ್ಲಿಂದ ಎರಡು ಗಂಟೆ ದೂರದ ಊರಿನಲ್ಲಿ, ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಇಳಿಸುವ ಕೆಲಸ ಸಿಕ್ಕಿದೆಯಂತೆ. ಆಫೀಸಿನ ಮೇಲಿನ ಕೋಣೆಯಲ್ಲಿ ಇನ್ನು ಮೂವರ ಜೊತೆ ಇದ್ದಾರೆ. ಮಗಳು ಶಾಲೆಯ ಚಿತ್ರದ ಪುಸ್ತಕ ತಂದು ತೋರಿಸಿದಳು. ಪ್ರತಿ ಹಾಳೆಯನ್ನೂ ನೋಡಿದರು. ನಿಮ್ಮ ದೊಡ್ಡ ಕಿವಿಯ ಚಿತ್ರದ ಬಗ್ಗೆ ಅವಳು ಕೇಳಿದ್ದಕ್ಕೆ, "ನೋಡಿದೀನಿ, ತಾತ ಗೋಡೆಗೆ ಅಂಟಿಸಿದಾರೆ" ಎಂದರು. ಅವಳು ನನ್ನ ಮುಖ ನೋಡಿದಳು. ಅವರು ನಿಮ್ಮ ಮನೆಯಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ಸಂಜೆ ಕೂರಿಸಿಕೊಂಡು ಹೇಳಿದೆ.

ಅರ್ಧ ಗಂಟೆ ಇದ್ದು ಎದ್ದರು. ಮತ್ತೆ ಬರಬಹುದೇ ಎಂದು ಕೇಳಲಿಲ್ಲ. ಬಸ್ಸಿನ ಚೀಟಿಯ ಹಿಂಭಾಗದಲ್ಲಿ ವಿಳಾಸ ಬರೆದು ಕುರ್ಚಿಯ ಮೇಲೆ ಇಟ್ಟರು. ನನ್ನ ಮನಸ್ಸು ಏನು ಎಂದು ಕೇಳಬೇಡಿ, ನನಗೇ ತಿಳಿದಿಲ್ಲ. ಕ್ಷಮಿಸಿಲ್ಲ. ಆದರೆ ಚೀಟಿಯನ್ನು ಹರಿಯಲೂ ಇಲ್ಲ. ಆ ವಿಳಾಸವನ್ನು ಇನ್ನೊಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಬರೆಯುವುದೂ ಬಿಡುವುದೂ ನಿಮಗೆ ಸೇರಿದ್ದು.

ಗೇಟು ದಾಟಿದವರು ಮತ್ತೆ ತಿರುಗಿ ಬಂದರು. ಮನೆಯ ವಿಷಯಕ್ಕೆ ಏನೋ ಹೇಳುತ್ತಾರೆ ಎಂದು ನಾನು ಗಟ್ಟಿಯಾಗಿ ನಿಂತೆ.

"ಅಪ್ಪ ಸರಿಯಾಗಿ ಊಟ ಮಾಡ್ತಿದಾರಾ?" ಎಂದರು.

"ಮಾಡ್ತಿದಾರೆ" ಎಂದೆ.

ಮಾಡುತ್ತಿದ್ದೀರಿ ತಾನೇ, ಮಾವ?

ಸೊಸೆ